ವಾಕಪ್ಪನ ಊರು

ನಾಗಪುರದ ಇತವಾರಿಯ ಸಗಟು ಪೇಟೆಯಲ್ಲಿ ಬೆಳ್ಳುಳ್ಳಿ ಮೂಟೆ ಬಿಚ್ಚಿದಾಗ ಏಳುವ ಘಾಟು ಮೂಗಿಗೆ ಬಡಿದರೆ, ಕೈಗಾಡಿಯವರ ಬೈಗುಳಕ್ಕೂ ಜಗ್ಗದೆ ನಾನು ನಡುದಾರಿಯಲ್ಲೇ ನಿಂತುಬಿಡುತ್ತೇನೆ. ಕಾರ್ಖಾನೆಯ ಕ್ವಾರ್ಟರ್ಸಿನ ನಮ್ಮ ಎರಡು ಕೋಣೆಯ ಮನೆ ಈಗ ಇಲ್ಲ, ಕೆಡವಿ ಎಷ್ಟೋ ಕಾಲವಾಯಿತು. ಆದರೂ ಒರಳಿನಲ್ಲಿ ಕೆಂಪು ಚಟ್ನಿ ಕುಟ್ಟುವ ಅಜ್ಜಿ, ಅದನ್ನು ತಿಂದು ಕಣ್ಣೀರು ಸುರಿಸುತ್ತಲೇ ಇನ್ನಷ್ಟಕ್ಕೆ ತಟ್ಟೆ ಚಾಚುವ ವಾಖಾ ಕಣ್ಣೆದುರು ಬರುತ್ತಾರೆ. ವಾಖಾ ಹೊಸ ಯಂತ್ರ ಕೂಡಿಸಲು ಸೋವಿಯತ್ ದೇಶದಿಂದ ಬಂದಿದ್ದ ಎಂಜಿನಿಯರು, ನಮ್ಮ ಪಕ್ಕದ ಮನೆಯಲ್ಲೇ ಇದ್ದ. ಎಲ್ಲರೂ ರಷ್ಯನ್ ಎಂದರೆ, ಆತ ಎದೆ ಮುಟ್ಟಿಕೊಂಡು ‘ಚೆಚೆನ್’ ಎಂದು ತಿದ್ದುತ್ತಿದ್ದ. ಅಜ್ಜಿ ಆ ತಂಟೆಯೇ ಬೇಡವೆಂದು ವಾಕಪ್ಪ ಎಂದು ಕರೆದಳು.

ಮೊದಲ ಸಲ ಊಟಕ್ಕೆ ಕರೆದಾಗ ಆತ ಉಂಡದ್ದಕ್ಕಿಂತ ಎದ್ದದ್ದೇ ಹೆಚ್ಚು. ಅಜ್ಜಿ ರೊಟ್ಟಿ ತಂದರೆ ಎದ್ದ, ಬೆಣ್ಣೆ ತಂದರೆ ಎದ್ದ, ಬರಿಗೈಲಿ ಬಂದರೂ ಎದ್ದ. “ಯಾಕೋ ಶಿವಾ, ಈ ಮನಶ್ಯಾಗ ಕೆಳಗ ಇರುವಿ ಕಡೀಲಿಕ್ಕತ್ತಾವೇನು?” ಎಂದು ಅಜ್ಜಿ ಅಪ್ಪನನ್ನು ಕೇಳಿದಳು. ತರಬೇತಿಗೆ ಹೋದಾಗ ಒಂದಿಷ್ಟು ರಷ್ಯನ್ ಕಲಿತಿದ್ದ ಅಪ್ಪ ವಿಚಾರಿಸಿ ಹೇಳಿದ: “ಹಿರ್ಯಾರು ಬಂದ್ರ ಏಳೂದು ಅವರ ಪದ್ಧತಿ ಅಂತವ್ವಾ.” ಅಜ್ಜಿಗೆ ಹಿಡಿಸಲಾರದಷ್ಟು ಸಂತೋಷ. ಆಮೇಲೆ ಉಪ್ಪು ಒಂದು ಸಲ, ಉಪ್ಪಿನ ಚಮಚ ಇನ್ನೊಂದು ಸಲ ತಂದಳು. ಅಮ್ಮ ಕಣ್ಣು ಬಿಟ್ಟ ಮೇಲೆಯೇ ರೊಟ್ಟಿಬುಟ್ಟಿ ಸಮೇತ ಅವನೆದುರು ಕೂತು, “ಈಗ ಉಣ್ಣಪಾ” ಎಂದದ್ದು.

ಒಂದು ಭಾನುವಾರ ನನ್ನ ಶಾಲೆಯ ಅಟ್ಲಾಸ್ ಬಿಚ್ಚಿ ಅವನ ಊರು ಎಲ್ಲಿ ಎಂದು ಕೇಳಿದೆ. ಆತ ಬೆರಳಿನಿಂದ ಒಂದು ಪರ್ವತಸಾಲನ್ನು ಸವರಿ, ಅಪ್ಪನತ್ತ ತಿರುಗಿ ರಷ್ಯನ್ನಿನಲ್ಲಿ ಹೇಳತೊಡಗಿದ. ಯುದ್ಧದ ಕಾಲದಲ್ಲಿ ಸರ್ಕಾರ ಅವರ ಜನರನ್ನೆಲ್ಲ ರೈಲಿಗೆ ತುಂಬಿ ದೂರದ ಕಝಾಕ್ ಬಯಲಿಗೆ ಸಾಗಿಸಿತ್ತಂತೆ. ವಾಖಾ ಹುಟ್ಟಿದ್ದೇ ಅಲ್ಲಿ. ವರ್ಷಗಳ ನಂತರ ಮರಳಿದಾಗ ಅವರನ್ನು ಗುಡ್ಡದ ಮೇಲಿನ ಹಳ್ಳಿಗೆ ಬಿಡದೆ ಕೆಳಗಿನ ಬಯಲಲ್ಲೇ ಇರಿಸಿದರಂತೆ. ಅಪ್ಪ ಇದನ್ನೆಲ್ಲ ಹೇಳುವಾಗ, ಅಕ್ಕಲಕೋಟೆ ಕಡೆಯ ಅಜ್ಜಿ, ಮನೆಮಾತು ಕನ್ನಡವಿದ್ದೂ ಮಹಾರಾಷ್ಟ್ರದವಳಾದವಳು, ಕೆರಳಿದಳು. “ನಂದೂ ಹಂಗ. ನಾ ಕುಂತಲ್ಲೇ ಕುಂತಿದ್ದೆ, ಗಡಿ ಎದ್ದು ಹೋತು. ತಗೋ, ನಿನ್ನ ಊರು ಇಲ್ಲೇ ಬರಿ,” ಎಂದು ರಂಗೋಲಿ ಡಬ್ಬಿ ಕೊಟ್ಟಳು.

ಅಷ್ಟು ದೊಡ್ಡ ಮನುಷ್ಯ ವರಾಂಡದಲ್ಲಿ ಮೊಣಕಾಲೂರಿ, ಹೊಳೆ, ಕಲ್ಲಿನ ಗೋಪುರ, ಕುರಿಗಳ ದಾರಿ ಬರೆದ. “ಊರಂದ ಮ್ಯಾಲ ಬಾವಿ ಬ್ಯಾಡೇನು?” ಎಂದು ಅಜ್ಜಿ ಒಂದು ಬಾವಿ ತೋಡಿದಳು. ಬಗಲಿಗೇ ತನ್ನ ಹಳ್ಳಿಯನ್ನೂ ಶುರು ಮಾಡಿದಳು. ಎರಡೂ ಊರು ಬೆಳೆದು, ಮಧ್ಯಾಹ್ನದ ಹೊತ್ತಿಗೆ ಅವನ ಕುರಿಗಳು ಇವಳ ಜೋಳದ ಹೊಲಕ್ಕೆ ನುಗ್ಗಿದವು. ಅಜ್ಜಿ ಕನ್ನಡದಲ್ಲಿ, ಆತ ತನ್ನ ಭಾಷೆಯಲ್ಲಿ ವಾದಕ್ಕಿಳಿದರು. ಅಪ್ಪ, “ಇಬ್ರೂ ಬರೋಬರ್ ಅದೀರಿ,” ಎಂದು ಒಳಗೆ ಹೋಗಿ ಮಲಗಿಬಿಟ್ಟ. ಕೊನೆಗೆ ಅಜ್ಜಿಯೇ ರಾಜಿಗೆ ಬಂದಳು: “ಆಗ್ಲಿ, ಸುಗ್ಗಿ ಆದಮ್ಯಾಲ ಮೇಯಿಸ್ಕೋ. ನನಗ ಗೊಬ್ಬರಾ ಆಗ್ತದ.” ಆತ ಏನು ತಿಳಿದನೋ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಆತ ನಾಗಪುರ ಬಿಡುವ ತನಕ ಅಜ್ಜಿ ವರಾಂಡ ಗುಡಿಸಲಿಲ್ಲ. ನಾವೆಲ್ಲ ಹಿತ್ತಿಲ ಬಾಗಿಲಿನಿಂದ ಓಡಾಡಿದೆವು.

ನಾನು ಕಾಲೇಜಿನಲ್ಲಿದ್ದಾಗ ಒಂದು ಚಳಿಗಾಲ, ಟಿವಿಯಲ್ಲಿ ರಷ್ಯದ ದಾಳಿಗೆ ಚೆಚೆನ್ನರ ಗ್ರೋಜ್ನಿ ನಗರ ಉರಿಯುವುದನ್ನು ತೋರಿಸಿದರು. “ಇದು ವಾಕಪ್ಪನ ಊರೇನು?” ಎಂದಳು ಅಜ್ಜಿ.

“ಅಲ್ಲವ್ವಾ, ಇದು ಅವರ ದೊಡ್ಡ ಪ್ಯಾಟಿ. ಅವನ ಹಳ್ಳಿ ಗುಡ್ಡದ ಮ್ಯಾಲ. ಅಲ್ಲಿ ಯಾರೂ ಇಲ್ಲ.”

“ಹಂಗಾರ ಅವ ಇಲ್ಲೇ ಇರಬೇಕಲ್ಲೋ.” ಅಜ್ಜಿ ಉರಿಯುವ ಪೇಟೆಯತ್ತ ಬೆರಳು ಮಾಡಿದಳು. “ಶಿವಾ, ಮಂದಿನ್ನೆಲ್ಲ ಕರಕೊಂಡು ಇಲ್ಲಿಗೇ ಬಾ ಅಂತ ಹೇಳು ಅವಂಗ.”

ಅವನ ವಿಳಾಸ ಅಪ್ಪನಿಗೆ ಎಂದೋ ತಪ್ಪಿಹೋಗಿತ್ತು. “ಹೇಳ್ತೀನವ್ವಾ,” ಎಂದ.

ಮರುದಿನ ಅಜ್ಜಿ ಟ್ರಂಕಿನೊಳಗಿನ ಕೌದಿಗಳನ್ನೆಲ್ಲ ತೆಗೆದು ಕೊಡವಿ ಕಾಂಪೌಂಡ್ ಗೋಡೆಯ ಮೇಲೆ ಹರವಿದಳು. ಸಂಜೆ ಮಡಚಿ ಒಳಗಿಟ್ಟಳು. ಆ ಚಳಿಗಾಲವಿಡೀ, ಬಾರದವರ ಹಾಸಿಗೆಗಳು ನಮ್ಮ ಮನೆಯ ಮುಂದೆ ದಿನಾ ಬಿಸಿಲು ಕಾಯಿಸಿಕೊಂಡವು.