ಸದರಿ ಅವಧಿಯಲ್ಲಿ ಮನೆಯಲ್ಲಿದ್ದೆ

ನನ್ನ ಬಿ.ಎ. ಮುಗಿದ ವರ್ಷವೇ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದವು. ಮಾತು ತಡೆದು ತಡೆದು ಬರುತ್ತಿತ್ತೇ ಹೊರತು ತಲೆ ಮೊದಲಿನಷ್ಟೇ ಚುರುಕು. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದ. ಖಾನಾಪುರದ ಮನೆಯಲ್ಲಿ ಇದ್ದವರು ನಾನು ಮತ್ತು ಅಣ್ಣ. ಅವ್ವನನ್ನು ಯಾರು ನೋಡಿಕೊಳ್ಳಬೇಕು ಎಂದು ನಾವು ಕೂತು ಮಾತಾಡಲೇ ಇಲ್ಲ. ಆಸ್ಪತ್ರೆಯಲ್ಲಿ ನರ್ಸ್ ಬೆಡ್‌ಪ್ಯಾನ್ ತಂದು ನೇರ ನನ್ನ ಕೈಗೆ ಕೊಟ್ಟಳು. ಅವಳಿಗೆ ಅಣ್ಣನೇ ನನಗಿಂತ ಹತ್ತಿರ ನಿಂತಿದ್ದ.

ಆಮೇಲೆ ಎರಡು ವರ್ಷ ಅದೇ ನಡೆಯಿತು. ನೋಡಲು ಬಂದವರೆಲ್ಲ ನನ್ನನ್ನು ಹೊಗಳಿ ಹೋದರು. ಪಕ್ಕದ ಮನೆಯ ಮರಾಠಿ ಮಾವಶಿ ‘ಗುಣಾಚೀ ಪೋರ’, ಗುಣವಂತ ಹುಡುಗಿ, ಎಂದು ನನ್ನ ಗಲ್ಲ ಹಿಡಿಯುತ್ತಿದ್ದಳು. ಬೆಳಗಾವಿಯ ಶಿವಬಸವ ನಗರದ ಸೋದರತ್ತೆ ಕಿತ್ತಳೆ ಹಣ್ಣಿನ ಚೀಲ ಇಟ್ಟು, “ಇಂಥಾ ಮಗಳನ್ನ ಪಡಿಯಾಕ ಪುಣ್ಯಾ ಮಾಡಿರಬೇಕು ನೋಡವಾ” ಎಂದು ಅವ್ವನಿಗೆ ಹೇಳಿ, ನಾನು ಮಾಡಿದ ಚಹಾ ಕುಡಿದು ಎದ್ದು ಹೋಗುತ್ತಿದ್ದಳು. ಇವರ ಹೊಗಳಿಕೆಯಿಂದ ಒಂದು ಬೆಡ್‌ಶೀಟೂ ಒಗೆದಾಗಲಿಲ್ಲ. ಒಮ್ಮೆ ಧೈರ್ಯ ಮಾಡಿ, “ಅತ್ತಿ, ಒಂದ ವಾರ ಇಲ್ಲೇ ಇರ್ರಿ, ನಾ ಸ್ವಲ್ಪ ಓದ್ಕೋತೀನಿ” ಎಂದೆ. ಅತ್ತೆಗೆ ತಕ್ಷಣ ತನ್ನ ಮೊಣಕಾಲು ನೋವು ನೆನಪಾಯಿತು.

ಎಂ.ಎ.ಗೆ ಅರ್ಜಿ ಹಾಕುತ್ತೇನೆ ಎಂದಾಗ ಖುಷಿಪಟ್ಟವಳು ಅವ್ವ ಒಬ್ಬಳೇ. ವಿಶ್ವವಿದ್ಯಾಲಯ ಇರುವುದು ಬೆಳಗಾವಿ ದಾಟಿ ಆಚೆ. ಎರಡು ಬಸ್ಸು ಹಿಡಿಯಬೇಕು, ಬೆಳಿಗ್ಗೆ ಏಳಕ್ಕೆಲ್ಲ ಮನೆ ಬಿಡಬೇಕು. ಹೋಗುವ ಮೊದಲು ಅವ್ವನಿಗೆ ಸ್ನಾನ ನಾನೇ ಮಾಡಿಸುವುದು, ಮಧ್ಯಾಹ್ನ ಮಾವಶಿ ಬಂದು ಕೂರುವುದು ಎಂದು ಗೊತ್ತು ಮಾಡಿದೆ. ಹೊಗಳಿದವರಲ್ಲಿ ಕೇಳಿದ ಕೂಡಲೇ ಒಪ್ಪಿದವಳು ಮಾವಶಿ ಮಾತ್ರ, ಅದನ್ನು ಹೇಳಲೇಬೇಕು. ಉಳಿದದ್ದು ಬೆಳಗಿನ ತಿಂಡಿ, ಗುಳಿಗೆ, ಕೈಕಾಲಿನ ವ್ಯಾಯಾಮ. ಅದನ್ನು ನೀನು ನೋಡಿಕೋ ಎಂದು ಅಣ್ಣನಿಗೆ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತದೆ, “ನೋಡೂಣು” ಎಂದ.

ಓದು ಬಿಟ್ಟು ವರ್ಷ ಕಳೆದವರು ನಡುವೆ ಏನು ಮಾಡುತ್ತಿದ್ದರು ಎಂದು ಬಾಂಡ್ ಪೇಪರಿನಲ್ಲಿ ಬರೆದುಕೊಡಬೇಕು. ಅದಕ್ಕೆ ಗ್ಯಾಪ್ ಸರ್ಟಿಫಿಕೇಟ್ ಎನ್ನುತ್ತಾರೆ. ಬೆಳಗಾವಿಯ ಕೋರ್ಟಿನ ಹೊರಗೆ ಕೂತಿದ್ದ ಟೈಪಿಸ್ಟ್ ನನ್ನ ಮುಖ ಕೂಡ ನೋಡಲಿಲ್ಲ. “ಮ್ಯಾಟರ್ ರೆಡಿ ಐತ್ರಿ, ಬರೇ ಹೆಸರ ಹೇಳ್ರಿ” ಎಂದ. ಪರದೆಯ ಮೇಲೆ ಇದ್ದದ್ದನ್ನು ಓದಿದೆ: ‘ಸದರಿ ಅವಧಿಯಲ್ಲಿ ನಾನು ಯಾವುದೇ ಕೆಲಸ ಮಾಡದೆ ಮನೆಯಲ್ಲಿಯೇ ಇದ್ದೆನು.’

ನನ್ನ ಮೈ ಉರಿದುಹೋಯಿತು. ಯಾವುದೇ ಕೆಲಸ ಮಾಡದೆ! ಅವ್ವನನ್ನು ಎತ್ತಿ ಎತ್ತಿ ಸೊಂಟ ಬಿದ್ದುಹೋಗಿತ್ತು. ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿರಲಿಲ್ಲ.

“ಇದು ಸುಳ್ಳ ಐತ್ರಿ. ನಾ ನಮ್ಮವ್ವನ್ನ ನೋಡ್ಕೊಂಡೀನಿ. ಅದನ್ನ ಬರೀರಿ.”

“ಎಲ್ಲಾರೂ ಹಿಂಗ ಬರಸ್ತಾರ್ರಿ. ನೀವು ಹಂಗ ಬರಸಿದ್ರ, ದಿನಾ ಕ್ಲಾಸಿಗೆ ಹೆಂಗ ಬರ್ತೀರಿ ಅಂತ ಅಲ್ಲಿ ಕೇಳ್ತಾರ. ಸೀಟ ಹೋದ್ರ ನನಗ ಬೈಬ್ಯಾಡ್ರಿ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಪಾರ್ಶ್ವವಾಯು ಪೀಡಿತ ತಾಯಿಯ ಆರೈಕೆ ಮಾಡುತ್ತಿದ್ದೆನು ಎಂದೇ ಟೈಪ್ ಮಾಡಿಸಿ ಸಹಿ ಹಾಕಿದೆ. ನನಗೆ ಸೀಟು ಬೇಕಿತ್ತು, ಆದರೆ ಆ ಸುಳ್ಳು ಹೇಳಿ ಬೇಕಿರಲಿಲ್ಲ.

ಮೆರಿಟ್ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಕೌನ್ಸೆಲಿಂಗಿಗೆ ಪಾಲಕರು ಜೊತೆಗಿರಬೇಕು ಎಂದಿದ್ದರಿಂದ ಅಣ್ಣ ತಾನು ಕೆಲಸಕ್ಕಿದ್ದ ಅಂಗಡಿಗೆ ರಜೆ ಹಾಕಿ ಬಂದ. ಹೊರಡುವಾಗ ಅವ್ವ ಎಡಗೈಯಿಂದ ನನ್ನ ಸೆರಗು ಜಗ್ಗಿ, “ಸೀಟ... ತಗೊಂಡ ಬಾ. ಇಲ್ಲಾಂದ್ರ... ಬರಬ್ಯಾಡ” ಎಂದಳು.

ದಾಖಲೆ ನೋಡುತ್ತಿದ್ದ ಅಧಿಕಾರಿ ಗ್ಯಾಪ್ ಸರ್ಟಿಫಿಕೇಟ್ ಬಂದಾಗ ಕನ್ನಡಕ ಏರಿಸಿದರು. “ಅಲ್ಲವಾ, ಇಷ್ಟ ದಿನಾ ನೀ ನೋಡ್ಕೊಂಡಿ. ಇನ್ನ ತಾಯೀನ ಯಾರ ನೋಡ್ತಾರ? ಹಾಜರಾತಿ ಕಮ್ಮಿ ಆದ್ರ ಪರೀಕ್ಷಾಕ್ಕ ಕುಂದರಸಂಗಿಲ್ಲ. ಸೀಟ ಸುಮ್ನ ಹಾಳಾಗತೈತಿ.”

ಕೇಳಿದ್ದು ನನ್ನನ್ನು. ಅದೇ ತಾಯಿ ಹೆತ್ತ ಇನ್ನೊಬ್ಬ ನನ್ನ ಮಗ್ಗುಲಲ್ಲೇ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು, “ಅಕಿ ಮುಂಜಾನೆ ಎಲ್ಲಾ ಮುಗಿಸೇ ಬರ್ತಾಳ್ರಿ ಸರ್. ಅಕಿಗೆ ರೂಢಿ ಐತಿ” ಎಂದ. ತಂಗಿಗೆ ಸಹಾಯ ಮಾಡಿದೆ ಎಂಬ ಸಮಾಧಾನ ಅವನ ಮುಖದಲ್ಲಿತ್ತು. ಅಧಿಕಾರಿಯೂ, “ಹಂಗಾದ್ರ ಚಲೋನ ಆತು” ಎಂದು ಪೆನ್ನು ಎತ್ತಿಕೊಂಡರು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸೀಟು ನನ್ನದಾಗುತ್ತಿತ್ತು. ಕೂರಲು ಆಗಲಿಲ್ಲ.

“ನಮ್ಮ ಅಣ್ಣ ಸುಳ್ಳ ಹೇಳಾಕತ್ತಾನ್ರಿ ಸರ್. ಏಳಕ್ಕ ಮನಿ ಬಿಡಾಕಿ ನಾ ಎಲ್ಲಾ ಹೆಂಗ ಮುಗಸ್ಲಿ? ಮುಂಜಾನಿದು ಅಂವ ಮಾಡಬೇಕು. ಅವನ್ನ ಕೇಳ್ರಿ.”

ಪೆನ್ನು ನಿಂತಿತು. ಅಧಿಕಾರಿ ಅಣ್ಣನ ಕಡೆ ತಿರುಗಿ, “ಏನಪಾ?” ಎಂದರು.

“ನನಗ ಡ್ಯೂಟಿ ಐತಲ್ರಿ ಸರ್.”

ಅವರು ಹೌದೆಂದು ತಲೆಯಾಡಿಸಿಬಿಟ್ಟರು! ನನಗೆ ಕಾಗದ, ಸಹಿ, ಸಾಕ್ಷಿ ಎಲ್ಲ ಬೇಕಾಗಿತ್ತು. ಅವನಿಗೆ ಆ ಒಂದು ಮಾತು ಸಾಕಾಯಿತು.

“ಅವನ ಅಂಗಡಿ ತೆಗಿಯೂದು ಹತ್ತಕ್ಕ ಐತ್ರಿ. ಅಂವ ಹಾಸಿಗಿ ಬಿಟ್ಟ ಏಳೂದು ಒಂಬತ್ತಕ್ಕ” ಎಂದೆ. ನನ್ನ ದನಿ ಏರಿತ್ತು. ಹಿಂದೆ ಸಾಲಿನಲ್ಲಿ ಯಾರೋ ನಕ್ಕರು. ಅಣ್ಣನ ಕಿವಿ ಕೆಂಪಾದವು.

“ಮಾಡ್ತೀಯೋ ಇಲ್ಲೋ, ಒಂದ ಹೇಳಪಾ. ಬ್ಯಾರೆಯವರು ಕಾಯಾಕತ್ತಾರ” ಎಂದರು ಅಧಿಕಾರಿ.

“ಮಾಡ್ತೀನ್ರಿ” ಎಂದ, ಮೇಜನ್ನು ನೋಡುತ್ತ.

ಸೀಟು ಸಿಕ್ಕಿತು. ಖಾನಾಪುರದ ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕೂತ. ಹತ್ತು ಮಂದಿಯ ಎದುರು ನಾನು ಅವನ ಮಾನ ಕಳೆದೆ ಎಂದು ಮುಖ ಊದಿಸಿಕೊಂಡಿದ್ದ. ಊರು ಹತ್ತಿರ ಬಂದಾಗ ಕಿಟಕಿಯ ಕಡೆ ನೋಡುತ್ತಲೇ, “ಮುಂಜಾನೆ ಅವ್ವಗ ಯಾವ ಗುಳಿಗಿ ಕೊಡಬೇಕು?” ಎಂದ.

ಎರಡು ವರ್ಷ ಅದೇ ಮನೆಯಲ್ಲಿ ಉಂಡು ಮಲಗಿದವನು. ಕೊನೆಗೂ ಕೇಳಿದನಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

“ಅವ್ವನ್ನ ಕೇಳು” ಎಂದೆ. “ಅಕಿಗೆ ಎಲ್ಲಾ ಗೊತ್ತೈತಿ.”