ಮರಿ ಇಳಿಸಿಕೊಳ್ಳುವ ಗುಡುಗಕ್ಕ

ವಿಮಾನದಲ್ಲಿ ಬರುವ ಕೋಳಿಮರಿ ಮೊಟ್ಟೆ ಒಡೆದು ಹೊರಬಂದು ಇನ್ನೂ ಒಂದು ದಿನ ತುಂಬಿರುವುದಿಲ್ಲ. ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಅದಕ್ಕೆ ದಾರಿಯ ಬುತ್ತಿ. ಕಾಳು ಬೇಡ, ನೀರು ಬೇಡ, ಗಾಳಿ ಮಾತ್ರ ಬೇಕು. ಗಾಳಿಗೆ ಬೆಲೆ ಇಲ್ಲವಾದ್ದರಿಂದ ಅದನ್ನು ಕೊಡಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ. ನೆನಪಿಸುವುದಕ್ಕೆಂದೇ ನಾವು ಮರಿ ವ್ಯಾಪಾರಿಗಳೆಲ್ಲ ಸೇರಿ ಕಾರ್ಗೋ ಶೆಡ್ಡಿನಲ್ಲಿ ಒಂದು ಬಾಯಿಯನ್ನು ಇಟ್ಟಿದ್ದೆವು. ಆ ಬಾಯಿಗೆ ನಾವಿಟ್ಟ ಹೆಸರು ಗುಡುಗಕ್ಕ.

ಅವಳ ಕೆಲಸ ಹೇಳುವುದಕ್ಕೆ ಸುಲಭ. ವಿಮಾನ ಇಳಿದ ಕೂಡಲೇ ಶೆಡ್ಡಿನೊಳಗೆ ಹೋಗಬೇಕು. ನಮ್ಮ ಮರಿಪೆಟ್ಟಿಗೆಗಳ ನಡುವೆ ಕೈ ತೂರುವಷ್ಟು ಜಾಗ ಬಿಟ್ಟು ಜೋಡಿಸಬೇಕು. ನಾವು ಕೌಂಟರಿನಲ್ಲಿ ಸಹಿ ಹಾಕಿದ ಮೇಲೆ ವ್ಯಾನಿಗೆ ಹತ್ತಿಸಬೇಕು. ಉಳಿದದ್ದೆಲ್ಲ ಕಿವಿಯ ಕೆಲಸ. ಮರಿಗಳು ಸಣ್ಣಗೆ ಗುಸುಗುಸು ಎನ್ನುತ್ತಿದ್ದರೆ ಸುಖವಾಗಿವೆ ಎಂದರ್ಥ, ಕಿರುಚಿದರೆ ಸಂಕಟ, ಇದ್ದಕ್ಕಿದ್ದ ಹಾಗೆ ಸದ್ದಡಗಿದರೆ ವ್ಯಾನನ್ನು ಖಾಲಿಯಾಗಿ ತಿರುಗಿಸಿಕೊಂಡು ಹೋಗಬಹುದು.

ಅವಳ ಗಂಡ ಇದೇ ಶೆಡ್ಡಿನಲ್ಲಿ ಮೂಟೆ ಹೊತ್ತು ಬೆನ್ನು ಕೆಡಿಸಿಕೊಂಡು ಮನೆ ಸೇರಿದವನು. ಮದುವೆಯಾಗಿ ಬಂದ ಹೊಸದರಲ್ಲಿ ಇವಳ ದನಿ ಪಕ್ಕದ ಕೋಣೆಗೂ ಕೇಳಿಸುತ್ತಿರಲಿಲ್ಲವಂತೆ. ಇದು ಅವಳ ಅತ್ತೆ ಹೇಳುವ ಮಾತು, ನಂಬುವುದು ನಿಮಗೆ ಬಿಟ್ಟದ್ದು. ನಾನು ನೋಡುವ ಹೊತ್ತಿಗೆ ಆ ದನಿ ವಿಮಾನದ ಸದ್ದಿಗೆ ಸಡ್ಡು ಹೊಡೆಯುತ್ತಿತ್ತು. ಒಮ್ಮೆ ಯಾರದೋ ನಾಯಿಮರಿಯ ಪಂಜರವನ್ನು ಬಿಸಿಲಿನಲ್ಲಿಟ್ಟು ಮರೆತವನನ್ನು ತೋಳು ಹಿಡಿದು ಎಳೆತಂದು, "ನೀನೂ ಸ್ವಲ್ಪ ಇದರ ಪಕ್ಕ ಕೂತ್ಕೋಪ್ಪಾ, ಪಾಪ, ಒಂದಕ್ಕೇ ಬೇಜಾರು" ಎಂದು ಕೂರಿಸಿದ್ದಳು. ಸಮಾಧಾನವಾಗಿದ್ದರೆ ನನ್ನನ್ನು "ಸಾಹುಕಾರ್ರೇ, ನೀವು" ಎನ್ನುತ್ತಾಳೆ. ಸಿಟ್ಟು ಬಂದರೆ "ಏನೋ" ಎನ್ನುತ್ತಾಳೆ. "ನೀವು" ಅನ್ನಿಸಿಕೊಂಡ ದಿನ ನನಗೆ ಲಾಟರಿ ಹೊಡೆದ ಹಾಗೆ.

ಹೀಗಿರುವಾಗ ಶೆಡ್ಡಿಗೆ ಹೊಸ ಸೂಪರ್‌ವೈಸರ್ ಬಂದ. ಇಸ್ತ್ರಿ ಅಂಗಿ, ಇಸ್ತ್ರಿ ಮಾತು. ಅವನಿಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಸರಕನ್ನು ಮೂಲೆಗೆ ಮೂಲೆ ಸೇರಿಸಿ ಪೇರಿಸಿ, ಮೇಲಿಂದ ಕೆಳಗಿನ ತನಕ ಪ್ಲಾಸ್ಟಿಕ್ ಹಾಳೆ ಸುತ್ತಿದವನಿಗೆ ಎಲ್ಲರೆದುರು ಶಹಭಾಸ್ ಸಿಗುತ್ತಿತ್ತು. ಗುಡುಗಕ್ಕನಂಥ ಹೊರಗಿನವರ ಕೈಯಲ್ಲಿ ಒಳಗೆ ಹೋಗುವ ಪಾಸಿದ್ದರೂ ತಾನೇ ಬಂದು ಗೇಟು ತೆಗೆಸುವ ತನಕ ಒಳಗೆ ಕಾಲಿಡಬಾರದೆಂದು ಹೊಸ ನಿಯಮವನ್ನೂ ತಂದ. ನಿಯಮ ಮಾಡುವವರಿಗೆ ಊಟದ ಹೊತ್ತು ಒಂದಿರುತ್ತದೆ, ವಿಮಾನಕ್ಕೆ ಅದು ಗೊತ್ತಿರುವುದಿಲ್ಲ.

ಆ ದಿನ ವಿಮಾನ ಇಳಿದದ್ದು ಸರಿಯಾಗಿ ಅವನು ಕೌಂಟರಿನ ಹಿಂದೆ ಊಟದ ಡಬ್ಬಿ ಬಿಚ್ಚುವಾಗ. ಗುಡುಗಕ್ಕ ಕಬ್ಬಿಣದ ಜಾಲರಿಯ ಗೇಟಿಗೆ ಕಿವಿ ಹಚ್ಚಿ ನಿಂತಿದ್ದಳು. ನಾನು ಕೌಂಟರಿನ ಮುಂದಿದ್ದೆ.

"ಸೂಪರ್‌ವೈಸರ್ರೇ, ಮರಿ ಕಿರುಚ್ತಾ ಇವೆ. ಗೇಟು ತೆಗೆಸ್ರೀ."

"ಮರಿ ಅಂದ್ಮೇಲೆ ಕಿರುಚದೆ ಪಾಠ ಓದ್ತಾವೇನಮ್ಮಾ? ಊಟ ಮುಗಿಸಿ ಬರ್ತೀನಿ, ಇರು."

"ನಿಮ್ಮ ಊಟ ತಡೆಯುತ್ತೆ, ಅವುಗಳ ಉಸಿರು ತಡೆಯಲ್ಲ ಕಣ್ರೀ!"

ಅವನು ಡಬ್ಬಿಯ ಇನ್ನೊಂದು ಅಂತಸ್ತನ್ನು ಬಿಚ್ಚಿದ. ಒಳಗಿನ ಕಿರುಚಾಟ ನಿಧಾನವಾಗಿ ತೆಳುವಾಗತೊಡಗಿತು. ಗುಡುಗಕ್ಕ ಗೇಟು ಬಿಟ್ಟು, ಸರಕು ಹೊರಗೆ ಜಾರಿ ಬರುವ ಉರುಳೆಗಳ ಕಿಂಡಿಯತ್ತ ಓಡಿದಳು. ಸೀರೆ ಬಿಗಿದು ಸಿಕ್ಕಿಸಿ, ಬೋರಲು ಮಲಗಿ, ಆ ಉರುಳೆಗಳ ಮೇಲೆ ಒಳಗೆ ತೂರಿಕೊಂಡಳು. ಹೊರಗೆ ಬರುವ ದಾರಿಯಲ್ಲಿ ಒಳಗೆ ಹೋದ ಮೊದಲ ಸರಕು ಅವಳೇ ಇರಬೇಕು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಒಳಗೆ ನಮ್ಮ ಪೆಟ್ಟಿಗೆಗಳೆಲ್ಲ ಒಂದೇ ಗೋಡೆಯ ಹಾಗೆ ನಿಂತಿದ್ದವು. ಅಂಗಡಿಯಿಂದ ಬಂದ ಹೊಸ ಹಾಸಿಗೆಯಂತೆ ಮೇಲಿಂದ ಕೆಳಗೆ ಪ್ಲಾಸ್ಟಿಕ್ ಸುತ್ತಿ ಫಳಫಳ ಹೊಳೆಯುತ್ತಿದ್ದವು. ಗಾಳಿಗೆಂದು ಕೊರೆದ ತೂತುಗಳೆಲ್ಲ ಹಾಳೆಯ ಒಳಗೆ ಬೆವರುತ್ತಿದ್ದವು. ಅವಳು ಉಗುರಿನಲ್ಲಿ ಕಿತ್ತಳು, ಹಲ್ಲಿನಲ್ಲಿ ಹರಿದಳು. ಪಕ್ಕದಲ್ಲಿ ಫೋರ್ಕ್‌ಲಿಫ್ಟ್ ಮೇಲೆ ಕೂತವನು ಮಿಕಮಿಕ ನೋಡುತ್ತಿದ್ದ. ಅವನು ಅವಳ ಮೈದುನ. ಹಿಂದಿನ ಸೂಪರ್‌ವೈಸರನ ಬೆನ್ನು ಬಿದ್ದು ಅವಳೇ ಕೊಡಿಸಿದ ಕೆಲಸ ಅದು.

"ನೀನೇನೋ ಸುತ್ತಿದ್ದು?"

"ಪೆಟ್ಟಿಗೆ ಜಾರ್ತಾ ಇದ್ವು ಅತ್ತಿಗೆ. ಬೀಳಬಾರದು ಅಂತ..."

"ಬೀಳಲಿಲ್ಲ ಬಿಡು. ಒಂದೂ ಬೀಳಲಿಲ್ಲ. ಪೆಟ್ಟಿಗೆ ನಿಂತ ಹಾಗೇ ಇವೆ, ಮರಿ ಸತ್ತಿವೆ."

ಅಂಚಿನ ಪೆಟ್ಟಿಗೆಗಳ ಮರಿಗಳು ಬದುಕಿದವು. ನಡುವಿನವು ಕೊರಳು ಚಾಚಿ ಒಂದರ ಮೇಲೊಂದು ಮಲಗಿದ್ದವು, ಇನ್ನೂ ಬೆಚ್ಚಗಿದ್ದವು. ಸೂಪರ್‌ವೈಸರ್ ಬಾಯಿ ಒರೆಸಿಕೊಳ್ಳುತ್ತ ಬಂದವನು ಮೊದಲು ನೋಡಿದ್ದು ಹರಿದ ಪ್ಲಾಸ್ಟಿಕ್ಕನ್ನು.

"ಇದನ್ನ ಹರಿದಿದ್ದು ಯಾರು?"

"ನಾನು. ಸುತ್ತಿದ್ದು ಯಾರು ಅಂತಲೂ ಕೇಳ್ರಿ. ನನ್ನ ಮೈದುನ, ಅಗೋ ಅಲ್ಲಿ. ಸುತ್ತೋದನ್ನ ಕಲಿಸಿದ್ದು ಯಾರು ಅಂತ ಕೇಳಿದ್ರೆ ಅದನ್ನೂ ಹೇಳ್ತೀನಿ."

ಕಲಿಸಿದವನು ಅದನ್ನು ಕೇಳಲಿಲ್ಲ. ತೀರ್ಪು ಸಂಜೆಯೊಳಗೆ ಬಂತು: ಸುತ್ತಿದವನಿಗೆ ಒಂದು ಎಚ್ಚರಿಕೆ, ಬಿಚ್ಚಿದವಳ ಪಾಸು ರದ್ದು. ಇಂಥ ನ್ಯಾಯ ಕಂಡರೆ ನನ್ನಂಥ ಲೆಕ್ಕಾಚಾರದವನಿಗೂ ಮೈ ಉರಿಯುತ್ತದೆ. ಮನೆಯಲ್ಲಿ ಅತ್ತೆಯದು ಇನ್ನೊಂದು ಕೋರ್ಟು. "ಕೋಳಿಗೋಸ್ಕರ ಮನೆ ಮಗನ್ನ ಬೀದಿಗೆ ತಂದ್ಯಲ್ಲೇ!" ಎಂದರಂತೆ. "ಬೀದಿಗಲ್ಲತ್ತೆ, ಬುದ್ಧಿಗೆ ತರ್ತಾ ಇದೀನಿ" ಎಂದು ಇವಳು ಅನ್ನ ಬಡಿಸಿದಳಂತೆ. ಮೈದುನನಿಗೂ ಬಡಿಸಿದಳು, ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟು.

ಪಾಸಿಲ್ಲದೆ ಗುಡುಗಕ್ಕನಿಗೆ ಬದುಕಿಲ್ಲ, ಅವಳಿಲ್ಲದೆ ನಮ್ಮ ಮರಿಗಳಿಗೆ ಬದುಕಿಲ್ಲ. ವ್ಯಾಪಾರಿಗಳೆಲ್ಲ ನನ್ನ ಅಂಗಡಿಯಲ್ಲಿ ಸೇರಿದೆವು. ಬೇಡಿಕೊಳ್ಳೋಣ ಎಂದ ಒಬ್ಬ. ಬೇಡುವುದು ಬೇಡ, ಸುಮ್ಮನಿರೋಣ ಎಂದೆ ನಾನು. ನಾವು ಸಹಿ ಹಾಕುವ ತನಕ ಸರಕು ನಮ್ಮದಲ್ಲ, ಅವನದು. ಗುಡುಗಕ್ಕನ ಪಾಸು ಮರಳಿಸುವ ತನಕ ಮುಂದಿನ ವಿಮಾನದ ಮರಿಗಳನ್ನು ಅವನೇ ಸಾಕಿಕೊಳ್ಳಲಿ.

ಹಾಗೇ ಮಾಡಿದೆವು. ಗುಡುಗಕ್ಕನಿಗೆ ಮನೆಯಲ್ಲೇ ಇರು ಎಂದು ಹೇಳಿಕಳಿಸಿದೆವು. ಮರಿಗಳು ಬಂದವು, ಕಾದ ತಗಡಿನ ಶೆಡ್ಡಿನಲ್ಲಿ ಕೂತವು, ಕೂಗತೊಡಗಿದವು. ನಾವು ಕೌಂಟರಿನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತೆವು.

"ನಿಮ್ಮ ಮಾಲು ತಗೊಂಡು ಹೋಗ್ರೀ!" ಎಂದ ಸೂಪರ್‌ವೈಸರ್.

"ನಮ್ಮ ಮಾಲೇ? ಎಲ್ಲಿ?" ಎಂದೆ.

ಕೂಗು ಏರಿತು. ಗುಮಾಸ್ತರು ಕಿವಿಗೆ ಬೆರಳಿಟ್ಟುಕೊಂಡರು. ಅಂಗಿಯ ಇಸ್ತ್ರಿ ಬೆವರಿಗೆ ಮುರಿಯಿತು. ಕೊನೆಗೆ ಅವನು ಗುಡುಗಕ್ಕನಿಂದ ಕಿತ್ತುಕೊಂಡ ಪಾಸಿದ್ದ ಡ್ರಾಯರಿಗೆ ಕೈ ಹಾಕಿದ. ಗೆದ್ದೆವು ಎಂದು ನಾನು ಪಕ್ಕದವನ ತೊಡೆ ಚಿವುಟಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಗುಡುಗಿತು.

"ಮರಿಗಳನ್ನ ಒಳಗೇ ಬಿಟ್ಟು ಕೂತಿರೋನು ಯಾರೋ?"

ಯಾರೋ ಅವಳಿಗೆ ಸುದ್ದಿ ಮುಟ್ಟಿಸಿದ್ದರು. ನಾನು ಎದೆಯುಬ್ಬಿಸಿ ಎದ್ದೆ. "ನಿನಗೋಸ್ಕರವೇ ಅಕ್ಕಾ. ಇನ್ನೊಂದು ಚೂರು ತಡ್ಕೋ, ಪಾಸು ಬಂದೇಬಿಡ್ತು."

"ನನ್ನ ಪಾಸಿಗೆ ಅವುಗಳ ಜೀವ ಅಡ ಇಟ್ಟಿದ್ದೀಯೇನೋ? ಆವತ್ತು ಉಣ್ತಾ ಕೂತಿದ್ದೋನಿಗೂ ನಿನಗೂ ಏನು ವ್ಯತ್ಯಾಸ? ಅವನಿಗಾದ್ರೂ ಹಸಿವಿತ್ತು, ನಿನಗೆ ಅದೂ ಇಲ್ವಲ್ಲೋ! ಹಾಕು ಸಹಿ!"

"ಅಕ್ಕಾ, ಅವನ ಕೈ ಡ್ರಾಯರಿನಲ್ಲಿದೆ..."

"ಹಾಕು ಅಂದೆ!"

ಹಾಕಿದೆ. ಉಳಿದವರೂ ತಲೆ ತಗ್ಗಿಸಿಕೊಂಡು ಹಾಕಿದರು. ಸೂಪರ್‌ವೈಸರ್ ಡ್ರಾಯರನ್ನು ಮೆಲ್ಲಗೆ ಮುಚ್ಚಿ, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಮುಗುಳ್ನಕ್ಕ. ಆ ನಗುವನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಪಾಸು ಅವಳಿಗೆ ಮರಳಿ ಸಿಗಲೇ ಇಲ್ಲ. ಈಗ ವಿಮಾನ ಇಳಿದರೆ ಅವಳು ಗೇಟಿನ ಹೊರಗೆ ನಿಂತು ಜಾಲರಿಯೊಳಗೆ ಕೂಗುತ್ತಾಳೆ, ಒಳಗೆ ಮೈದುನ ಬೆವರುತ್ತ ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ಇಡುತ್ತಾನೆ. ಕೆಲವು ಮರಿಗಳು ಉಳಿಯುತ್ತವೆ. ಅವಳು ಒಳಗಿದ್ದಾಗ ಉಳಿಯುತ್ತಿದ್ದಷ್ಟಲ್ಲ.

ಮೊನ್ನೆ ವ್ಯಾನಿಗೆ ಪೆಟ್ಟಿಗೆ ಹತ್ತಿಸುವಾಗ ನನಗೆ ತಡೆಯಲಾಗಲಿಲ್ಲ.

"ಆವತ್ತು ಸ್ವಲ್ಪ ಹೊತ್ತು ಸುಮ್ಮನಿದ್ದಿದ್ರೆ ಇವತ್ತು ಒಳಗಿರ್ತಿದ್ದೆ ಅಕ್ಕಾ. ಎಲ್ಲಾ ಕೆಡಿಸಿದೆ."

ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. "ಎಷ್ಟು ಹೊತ್ತೋ?"

"ಸ್ವಲ್ಪ ಹೊತ್ತು."

"ಹಂಗಾದ್ರೆ ಅಷ್ಟು ಹೊತ್ತು ಮೂಗು ಬಾಯಿ ಮುಚ್ಕೊಂಡು ಇಲ್ಲೇ ನಿಂತ್ಕೋ. ಆಮೇಲೆ ನಿನ್ನ ಮಾತು ಕೇಳ್ತೀನಿ."