ಸೇತುವೆ ಏರುವಾಗಿನ ಶಬ್ದ

ವಾಸು ಮಾಮನ ಕಾರನ್ನು ಕೆಡಿಸಿದವನು ನಾನೇ. ಸ್ಪ್ಯಾನರ್ ಮುಟ್ಟಲಿಲ್ಲ, ಬಾನೆಟ್ ಎತ್ತಲಿಲ್ಲ, ಪೆಟ್ರೋಲಿಗೆ ಸಕ್ಕರೆ ಸುರಿಯಲಿಲ್ಲ. ಬರೀ ನಾಲಿಗೆಯಿಂದ ಕೆಡಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ನಾನು ಎಲ್ಲರನ್ನೂ ಗೇಲಿ ಮಾಡುತ್ತ ಹೋಗುವಾಗ ನೀವು ನಗುತ್ತ ನನ್ನ ಪಕ್ಷ ಸೇರಿಬಿಡುತ್ತೀರಿ. ಹಾಗೆ ಸೇರಿದವರೆಲ್ಲ ಆಮೇಲೆ ಬೇಜಾರು ಮಾಡಿಕೊಂಡಿದ್ದಾರೆ.

ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಶುಕ್ರವಾರ ಆಫೀಸಿಗೆ ಹೋಗುವಾಗ ನನ್ನ ಕಾರಿನಲ್ಲಿ ಒಂದು ಶಬ್ದ ಬಂತು. ಕಾರು ಕೊಂಡು ಎರಡು ತಿಂಗಳು. ನನಗಿಂತ ಮೊದಲು ಇಬ್ಬರ ಕೈಯಲ್ಲಿ ಪಳಗಿದ್ದು. ಆದರೂ ವಾರಕ್ಕೊಮ್ಮೆ ನಾನದಕ್ಕೆ ಸ್ನಾನ ಮಾಡಿಸುವ ಚಂದ ನೋಡಿ ಅಮ್ಮ, 'ನೀನೇ ಇಷ್ಟು ತಿಕ್ಕಿ ಮಿಂದದ್ದು ನಾನು ಇದುವರೆಗೆ ನೋಡ್ಲಿಲ್ಲ' ಎಂದಿದ್ದಾಳೆ. ಮದರಾಸಿನ ಅಡ್ಯಾರ್ ಸೇತುವೆ ಏರುತ್ತಿದ್ದೆ. ಎಲ್ಲೋ ಒಳಗಿನಿಂದ 'ಟಿಕ್' ಎಂದಿತು. ರೇಡಿಯೋ ಆರಿಸಿದೆ, ಗಾಜು ಏರಿಸಿದೆ, ಬೇರೆ ಯಾರೂ ಇಲ್ಲದ ಕಾರಿನಲ್ಲಿ ತಲೆ ವಾಲಿಸಿ, ತೋರುಬೆರಳೆತ್ತಿ, 'ಶ್!' ಎಂದೆ. ಕನ್ನಡಿಯಲ್ಲಿ ಕಂಡ ಆ ಬೆರಳು ನೇರವಾಗಿ ವಾಸು ಮಾಮನದು.

ವಾಸು ಮಾಮ ಅಮ್ಮನ ತಮ್ಮ. ಉಡುಪಿ ಕಡೆಯಿಂದ ಮದರಾಸಿಗೆ ಬಂದವನು ಹೋಟೆಲಿನ ಗಲ್ಲಾದಲ್ಲಿ ಕೂರಬೇಕು, ಇಲ್ಲವೇ ದೋಸೆಕಲ್ಲಿನ ಮುಂದೆ ನಿಲ್ಲಬೇಕು ಎಂಬ ನಮ್ಮ ಕುಟುಂಬದ ಕಟ್ಟಳೆಯನ್ನು ಮುರಿದು ವಿಮಾ ಕಂಪನಿ ಸೇರಿದವರು. ಅಪಘಾತಕ್ಕೆ ಸಿಕ್ಕ ಕಾರುಗಳನ್ನು ನೋಡಿ ವರದಿ ಬರೆಯುವ ಕೆಲಸ. ಹಗಲೆಲ್ಲ ನುಜ್ಜುಗುಜ್ಜಾದ ಕಾರುಗಳ ನಡುವೆ ಓಡಾಡಿ ಸಂಜೆ ಅಡ್ಯಾರಿನ ಮನೆಗೆ ಬಂದರೆ, ಮೊದಲು ತಮ್ಮ ಕೆನೆಬಣ್ಣದ ಪದ್ಮಿನಿ ಕಾರಿಗೆ ಒಂದು ಸುತ್ತು ಬರುತ್ತಿದ್ದರು. ಆಮೇಲೆ ಚಪ್ಪಲಿ ಬಿಡುವುದು. ಸುಮತಿ ಅತ್ತೆ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು, 'ನನ್ನೊಟ್ಟಿಗೆ ಅಗ್ನಿಗೆ ಸುತ್ತು ಬಂದದ್ದು ಒಂದು ದಿನ. ಇದಕ್ಕೆ ದಿನಾ!' ಎನ್ನುತ್ತಿದ್ದರು.

ಊರ ಹೊರಗೆ ಹೊಸ ಹೊಸ ಕಾರ್ಖಾನೆಗಳು ಎದ್ದು, ಬೀದಿಬೀದಿಯಲ್ಲಿ ಮೊಟ್ಟೆಯಾಕಾರದ ನುಣುಪು ಕಾರುಗಳು ಬರತೊಡಗಿದ ಕಾಲ ಅದು. ಜನ ತಮ್ಮ ಹಳೆಯ ಕಾರುಗಳನ್ನು ಬಸುರಿ ಸೊಸೆಯರನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಿದ್ದುದನ್ನು ಕಂಡ ಕೊನೆಯ ತಲೆಮಾರು ನಮ್ಮದು. ಎದುರು ಮನೆಯ ಕಾಂಟೆಸ್ಸಾ ಕಾರಿನವರು ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಮೂಲೆಮನೆಯ ಬ್ಯಾಂಕಿನವರ ಅಂಬಾಸಿಡರ್ ಬಾಗಿಲನ್ನು ತುಸು ಎತ್ತಿ, ಒಳಕ್ಕೆ ತಳ್ಳಿ, ಆಮೇಲೆ ಎಳೆದರೆ ಮಾತ್ರ ತೆರೆಯುತ್ತಿತ್ತು. ಆ ಗುಟ್ಟನ್ನು ಅವರು ಹೆಂಡತಿಗೂ ಕಲಿಸಿರಲಿಲ್ಲ. ಯಾರಿಗೂ ತೆರೆಯದ್ದು ತನಗೊಬ್ಬನಿಗೆ ತೆರೆಯುತ್ತದೆ ಎಂಬುದರಲ್ಲಿ ಎಂಥ ಸುಖವಿತ್ತೋ! ಆಕೆ ಪಾಪ, ದೇವಸ್ಥಾನದ ಮುಂದೆ ಇಳಿಯಲಾಗದೆ ಕಾರಿನಲ್ಲೇ ಕೂತು ದೇವರಿಗೆ ಕೈಮುಗಿಯುತ್ತಿದ್ದರು.

ವಾಸು ಮಾಮನ ಹೆಮ್ಮೆ ಕಿವಿಯದು. ಮೊದಲ ಮಹಡಿಯ ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ ಕೂತು, ಕೆಳಗೆ ಹೋಗುವ ಕಾರು ಯಾರದು, ಅದಕ್ಕೇನು ಕಾಯಿಲೆ ಎಂದು ಹೇಳುತ್ತಿದ್ದರು. ನನ್ನ ಹೆಮ್ಮೆ ನಾಲಿಗೆಯದು. ಕಾಲೇಜಿನ ಪ್ರಿನ್ಸಿಪಾಲರಿಂದ ಹಿಡಿದು ನಮ್ಮ ಪುರೋಹಿತರ ಕೆಮ್ಮಿನವರೆಗೆ ನಾನು ಮಾಡದ ಧ್ವನಿಯಿಲ್ಲ. ಕಾರುಗಳಂತೂ ನನಗೆ ಪಾಯಸ. ನಾನು ಒಳಕೋಣೆಯಲ್ಲಿ ಕೂತು ಒಂದು ಕಾರನ್ನು ಬಾಯಲ್ಲಿ ಮಾಡುವುದು, ಮಾಮ ಬಾಲ್ಕನಿಯಿಂದಲೇ ಹೇಳುವುದು, ಇದು ನಮ್ಮಿಬ್ಬರ ಆಟ. ಅಂಥ ಕೇಳುಗ ನನಗೆ ಮತ್ತೆ ಸಿಗಲಿಲ್ಲ. ಉಳಿದವರು ನಗುತ್ತಿದ್ದರು. ಮಾಮ ತಿದ್ದುತ್ತಿದ್ದರು.

'ಬ್ಯಾಂಕಿನವರ ಅಂಬಾಸಿಡರ್. ಸೈಲೆನ್ಸರಿನ ತೂತು ಬಂತು. ಆದ್ರೆ ಓಡ್ಸುವವ ಬರ್ಲಿಲ್ಲ. ಅವ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡ್ಸುದು. ಅದೆಲ್ಲಿ ಹೋಯ್ತು?'

ನನಗೆ ಹದಿನೆಂಟು ತುಂಬಿದ ವರ್ಷ, ಅತ್ತೆಯ ಮನೆಯ ಗಣೇಶ ಚೌತಿಗೆ ನೆಂಟರೆಲ್ಲ ಸೇರಿದ್ದರು. ಊಟವಾದ ಮೇಲೆ ನನ್ನ ಪ್ರದರ್ಶನ. ಬೀದಿಯ ಕಾರುಗಳೆಲ್ಲ ಮುಗಿದವು. ಯಾರೋ 'ಮಾಮನ ಪದ್ಮಿನಿ ಮಾಡು' ಎಂದರು. ಮಾಡಿದೆ. ಮಾಮ ಕಣ್ಣು ತೆರೆಯದೆ ತಲೆಯಾಡಿಸಿದರು.

'ಇಲ್ಲ ಮಾರಾಯ. ಎಲ್ಲ ಬರ್ತದೆ ನಿಂಗೆ, ಇದೊಂದು ಬರುದಿಲ್ಲ. ಯಾಕೆ ಗೊತ್ತುಂಟಾ? ನೀನು ಹಿಡಿಯುದು ದೋಷವನ್ನ. ಪುರೋಹಿತರಿಗೆ ಕೆಮ್ಮು ಉಂಟು, ಹಿಡಿದಿ. ನನ್ನ ಕಾರಲ್ಲಿ ಎಂತ ಉಂಟು ಹಿಡಿಲಿಕ್ಕೆ?'

ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರನ್ನೂ ನಗಿಸುವವನನ್ನು ನೋಡಿ ಜನ ನಕ್ಕರೆ ಅವನಿಗೆ ಏನಾಗುತ್ತದೆಂದು ಕೇಳಬೇಡಿ. ಮಾಮ ಹೇಳಿದ್ದು ಸುಳ್ಳಾಗಿದ್ದರೆ ಮರೆತುಬಿಡಬಹುದಿತ್ತು. ದೋಷವಿಲ್ಲದ್ದನ್ನು ಅಣಕಿಸಲು ನನಗೆ ನಿಜವಾಗಿಯೂ ಬರುತ್ತಿರಲಿಲ್ಲ. ಹಾಗಾದರೆ ಒಂದು ದೋಷ ಕೊಟ್ಟರಾಯಿತು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಮಾಮ, ಅತ್ತೆ ಮತ್ತು ನಾನು ಮೈಲಾಪುರದ ನೆಂಟರ ಹೋಟೆಲಿಗೆ ತಿಂಡಿಗೆ ಹೋಗುವುದು ವಾಡಿಕೆ. ಅವರಿಬ್ಬರು ಸೋಫಾದಂಥ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಕಾರು ಸೇತುವೆ ಏರತೊಡಗಿ, ಮಾಮ ಮೂರನೆಯ ಗೇರಿಗೆ ಇಳಿಸಿದೊಡನೆ, ನಾಲಿಗೆಯ ತುದಿಯನ್ನು ಅಂಗುಳಿಗೆ ಒತ್ತಿ, ತುಟಿ ತೆರೆಯದೆ, ಎಂಜಿನ್ನಿನ ತಾಳಕ್ಕೆ ಸರಿಯಾಗಿ ಮಾಡಿದೆ: ಟಿಕ್. ಟಿಕ್. ಟಿಕ್. ಓಡುವ ಕಾರಿನೊಳಗಿನ ಸಣ್ಣ ಶಬ್ದಕ್ಕೆ ವಿಳಾಸವಿರುವುದಿಲ್ಲ.

ಮಾಮನ ಬೆರಳು ಮೇಲೆದ್ದಿತು. 'ಶ್! ಕೇಳ್ತಾ?'

'ಎಂತ ಕೇಳುದು?' ಎಂದರು ಅತ್ತೆ.

'ಟಿಕ್ ಅಂತ, ಎಂಜಿನ್ನಿನ ಒಳಗೆ. ಟ್ಯಾಪೆಟ್ಟಿನ ಹಾಗೆ. ಟ್ಯಾಪೆಟ್ಟಲ್ಲ. ನಿಂಗೆ ಕೇಳ್ತಾ ಮಾರಾಯ?'

'ಎನಕ್ಕು ಒಣ್ಣುಂ ಕೇಕ್ಕಲಿಯೇ ಮಾಮಾ,' ಎಂದೆ. ನನಗೇನೂ ಕೇಳಿಸಲಿಲ್ಲ ಎಂದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತವನಿಗೆ ಇದೊಂದು ಅನುಕೂಲ. ಸುಳ್ಳಿಗೆ ಬೇರೆ ಭಾಷೆಯೇ ಇರುತ್ತದೆ.

ಒಂದೆರಡು ವಾರ ಆಡಿಸಿ, ಹೋಟೆಲಿನಲ್ಲಿ ಎಲ್ಲರೆದುರು 'ಈಗ ಪದ್ಮಿನಿ ಬಂತಾ ಮಾಮಾ?' ಎಂದು ಗೆಲ್ಲುವುದು ನನ್ನ ಲೆಕ್ಕಾಚಾರ. ಆದರೆ ಮುಂದಿನ ಭಾನುವಾರ ಮಾಮ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಬಿಟ್ಟು, ಬೆರಳಿನಿಂದ ಮೇಜಿನ ಮೇಲೆ ಟಿಕ್ ಟಿಕ್ ಎಂದು ಬಡಿಯುತ್ತ ಕೂತಿದ್ದರು. ಇನ್ನೊಂದು ವಾರ ಹೋಗಲಿ ಎಂದುಕೊಂಡೆ. ನಾಲ್ಕನೆಯ ವಾರ ನನ್ನನ್ನು ಕರೆದುಕೊಂಡು ಊರಿನ ಇನ್ನೊಂದು ತುದಿಯ ರಾಯಪುರಂಗೆ ಹೊರಟರು.

ರಾಯಪುರಂನಲ್ಲಿ ಏಳುಮಲೈ ಇದ್ದ. ಮದುವೆಗೆ ಮುಂಚೆ ಮಾಮ ಬಂದರಿನ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದಾಗ ಪರಿಚಯವಾದ ಮೆಕ್ಯಾನಿಕ್. ಅವನಲ್ಲದೆ ಬೇರೆ ಯಾರ ಕೈಯೂ ಆ ಕಾರಿಗೆ ತಾಗಿರಲಿಲ್ಲ. ಅದಕ್ಕಾಗಿ ಇಡೀ ಊರು ದಾಟಿ, ಲಾರಿಗಳ ಸಾಲಿನಲ್ಲಿ ಬೆವರಿ ಹೋಗುತ್ತಿದ್ದರು. ಏಳುಮಲೈ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ವೈದ್ಯನ ಹಾಗೆ ಅಲ್ಲಲ್ಲಿ ಆಲಿಸಿದ. ಬಹಳ ಹೊತ್ತು ಆಲಿಸಿದ. ಆಮೇಲೆ ಕೈ ಒರೆಸಿಕೊಂಡ.

'ಒಣ್ಣುಮೇ ಇಲ್ಲೆ ಸಾರ್. ಗಡಿಯಾರ ಮಾದಿರಿ ಓಡುದು.'

ಏನೂ ಇಲ್ಲವಂತೆ, ಗಡಿಯಾರದ ಹಾಗೆ ಓಡುತ್ತಿದೆಯಂತೆ. ಮಾಮನ ಮುಖ ಕೆಂಪಾಯಿತು. ನಿನಗೆ ವಯಸ್ಸಾಯಿತು, ಕಿವಿ ಹೋಗಿದೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆ ಎಂದು ತಮಿಳಿನಲ್ಲಿ ಅಂದುಬಿಟ್ಟರು. ಇಪ್ಪತ್ತು ವರ್ಷಗಳ ಸ್ನೇಹ. ಏಳುಮಲೈ ಬಾನೆಟ್ಟನ್ನು ಬಡಿಯದೆ, ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಮುಚ್ಚಿ, 'ಹಾಗಾದರೆ ಬೇರೆ ಕಡೆ ತೋರಿಸಿ ಸಾರ್' ಎಂಬರ್ಥದ ಒಂದು ಮಾತು ಹೇಳಿ ಒಳಗೆ ಹೋದ.

ನಾನು ಬಾಯಿ ಬಿಡಬೇಕಾಗಿದ್ದ ಗಳಿಗೆ ಅದು. ಬಿಡಲಿಲ್ಲ. ಹೆದರಿಕೆ ಇತ್ತು, ನಿಜ. ಅದಕ್ಕಿಂತ ಕೀಳಾದ ಇನ್ನೊಂದೂ ಇತ್ತು. ಇಪ್ಪತ್ತು ವರ್ಷದಿಂದ ಬಲ್ಲ ಮೆಕ್ಯಾನಿಕ್ಕಿಗಿಂತ ನನ್ನ ನಾಲಿಗೆಯನ್ನು ಅವರು ನಂಬಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು.

ಪರೀಕ್ಷೆಯ ನೆಪ ಹೇಳಿ ಭಾನುವಾರಗಳನ್ನು ತಪ್ಪಿಸಿದೆ. ನಾನಿಲ್ಲದಿದ್ದರೆ ಶಬ್ದವೂ ಇರುವುದಿಲ್ಲ, ತಾನಾಗಿ ಮರೆಯುತ್ತಾರೆ ಎಂದುಕೊಂಡೆ. ಒಂದು ದಿನ ಅತ್ತೆ ಅಮ್ಮನಿಗೆ ಫೋನು ಮಾಡಿ ಗೋಳಾಡಿದರು. 'ಹಿಂದಿನ ಸೀಟಲ್ಲಿ ಭಾರ ಇದ್ರೆ ಮಾತ್ರ ಶಬ್ದ ಬರುದಂತೆ ಅತ್ತಿಗೆ! ನಿಮ್ಮ ಮಗ ಕೂತ್ಕೊಳ್ಳುವ ಜಾಗದಲ್ಲಿ ಎರಡು ಮೂಟೆ ಅಕ್ಕಿ ಇಟ್ಟುಕೊಂಡು ಸೇತುವೆ ಹತ್ತಿ ಇಳಿದು ಮಾಡ್ತಾರೆ. ಈಗ ಅಕ್ಕಿಗೂ ಶಬ್ದ ಬರ್ತದಂತೆ.'

ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಅಕ್ಕಿಮೂಟೆಗೆ ನಾಲಿಗೆ ಇಲ್ಲವಲ್ಲ.

ಮಾಮ ಕಾರನ್ನು ಒಂದು ಹೊಸ ವರ್ಕ್‌ಶಾಪಿಗೆ ಕೊಟ್ಟರು. ಗಾಜಿನ ಕೋಣೆ, ಕುಡಿಯಲು ತಣ್ಣೀರು, ಟೈ ಕಟ್ಟಿದ ಹುಡುಗರು. ಎಂಜಿನ್ ಬಿಚ್ಚಿದರು. ಏನೂ ಸಿಗಲಿಲ್ಲ. ಮತ್ತೆ ಕೂಡಿಸಿದರು. ಕೂಡಿಸಿದ ಮೇಲೆ ಅದು ಆ ಕಾರಾಗಿರಲಿಲ್ಲ. ಬೆಳಗಿನ ಹೊತ್ತು ನಡುಗುತ್ತಿತ್ತು, ನಿಂತಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು, ಗೇರು ಬದಲಿಸಿದರೆ ಗಂಟಲು ಕೆರೆದಂತೆ ಗೊರ ಗೊರ ಎನ್ನುತ್ತಿತ್ತು. ಈಗ ಪದ್ಮಿನಿ ನನಗೆ ಅಚ್ಚುಕಟ್ಟಾಗಿ ಬರುತ್ತಿತ್ತು. ಮಾಡಿ ತೋರಿಸು ಎಂದು ಮಾಮ ಕೇಳಲಿಲ್ಲ.

ಅತ್ತೆ ಅವರನ್ನು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದರು. ವಯಸ್ಸಿಗೆ ತಕ್ಕ ಕಿವಿ ಎಂದರು ಡಾಕ್ಟರು. ವಯಸ್ಸಿಗೆ ತಕ್ಕದ್ದು ಎಂದರೆ ಕೆಟ್ಟದ್ದು ಎಂದು ನೆಂಟರೆಲ್ಲ ಅರ್ಥ ಮಾಡಿಕೊಂಡರು. ಅದಾಗಿ ಒಂದು ತಿಂಗಳಿಗೆ ಮಾಧವರಂನಲ್ಲಿ ದೊಡ್ಡಮ್ಮನ ಮಗನ ಗೃಹಪ್ರವೇಶ. ಊಟದ ನಂತರ ಎಲ್ಲರೂ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನನ್ನ ಹಳೆಯ ಸರಕಿಗೆ ಯಾರೂ ನಗುತ್ತಿರಲಿಲ್ಲ. ಸಭೆ ಕೈತಪ್ಪುತ್ತಿದೆ ಎಂದಾಗ ಅಣಕಿಸುವವನ ಕೈ ತಾನಾಗಿಯೇ ಏನನ್ನಾದರೂ ಹುಡುಕುತ್ತದೆ. ಸ್ಟಿಯರಿಂಗ್ ಹಿಡಿದವನ ಹಾಗೆ ಕೂತು, ತಲೆ ವಾಲಿಸಿ, ತೋರುಬೆರಳೆತ್ತಿ ಎಂದೆ: 'ಶ್! ಕೇಳ್ತಾ? ಟ್ಯಾಪೆಟ್ಟಿನ ಹಾಗೆ. ಟ್ಯಾಪೆಟ್ಟಲ್ಲ.' ಆಮೇಲೆ ಹಿಂದಕ್ಕೆ ತಿರುಗಿ ಅಕ್ಕಿಮೂಟೆಯನ್ನು ಕೇಳಿದೆ: 'ನಿಂಗೆ ಕೇಳ್ತಾ ಮಾರಾಯ?'

ಚಪ್ಪರ ಹಾರಿಹೋಗುವಷ್ಟು ನಗು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೈ ತೊಳೆದುಕೊಂಡು ಬಂದ ಮಾಮ ಹಿಂದಿನ ಸಾಲಿನ ಕುರ್ಚಿಯೊಂದನ್ನು ಹಿಡಿದು ನಿಂತಿದ್ದರು. ಒದ್ದೆ ಕೈ. ಅವರೂ ನಕ್ಕರು. ಎಲ್ಲರಿಗಿಂತ ತುಸು ತಡವಾಗಿ ನಕ್ಕು, ಎಲ್ಲರಿಗಿಂತ ಮೊದಲೇ ನಿಲ್ಲಿಸಿದರು. ಅದಾದ ಮೇಲೆ ಐದಾರು ವರ್ಷ ಮದುವೆ ಮುಂಜಿಗಳಲ್ಲಿ ಜನ ನನ್ನನ್ನು ಕಂಡಕೂಡಲೇ ಬೆರಳೆತ್ತಿ 'ಶ್' ಎನ್ನುತ್ತಿದ್ದರು. ನನಗೆ ಸಿಕ್ಕ ದೊಡ್ಡ ಹೆಸರು ಅದೊಂದೇ. ನಾನು ಬೇಡವೆನ್ನಲಿಲ್ಲ.

ಪದ್ಮಿನಿಯನ್ನು ಯಾರೋ ಹಾಲಿನ ವ್ಯಾಪಾರದವರು ಕೊಂಡೊಯ್ದರು. ಮಾಮ ಬಸ್ಸಿಗೆ ಹೋಗತೊಡಗಿದರು, ಆಮೇಲೆ ನಿವೃತ್ತರಾದರು. ಧೂಳು ಬರುತ್ತದೆ ಎಂದು ಬಾಲ್ಕನಿಯಲ್ಲಿ ಕೂರುವುದನ್ನು ಬಿಟ್ಟರು. ಅತ್ತೆ ಅಲ್ಲಿ ಬಟ್ಟೆ ಒಣಹಾಕಲು ಹಗ್ಗ ಕಟ್ಟಿದರು. ಹಬ್ಬಕ್ಕೆ ಹೋದರೆ ಮಾಮ ನನ್ನ ಓದು, ನನ್ನ ಕೆಲಸ ಎಲ್ಲ ವಿಚಾರಿಸುತ್ತಿದ್ದರು. ಕಾರಿನ ಮಾತು ಮಾತ್ರ ನಮ್ಮ ನಡುವೆ ಮತ್ತೆ ಬರಲಿಲ್ಲ. ನಾನು ಕಾರು ಕೊಂಡ ಸುದ್ದಿಯನ್ನೂ ಅಮ್ಮನ ಬಾಯಿಂದಲೇ ಹೇಳಿಸಿದ್ದೆ.

ಶುಕ್ರವಾರ ಸೇತುವೆಯ ಮೇಲೆ ನನ್ನ ಬೆರಳನ್ನು ಕಂಡಮೇಲೆ ಎರಡು ದಿನ ಆ ಟಿಕ್ಕನ್ನು ಹುಡುಕಿದೆ. ಡ್ಯಾಶ್‌ಬೋರ್ಡಿನ ಡಬ್ಬಿ ಖಾಲಿ ಮಾಡಿದೆ, ಜಾಕನ್ನು ಇಳಿಸಿದೆ, ಕೀಗೊಂಚಲಿನ ಗಣಪತಿಯನ್ನೂ ಬಿಚ್ಚಿಟ್ಟೆ. ಹೋಗಲಿಲ್ಲ. ಬೇರೆ ಯಾರಿಗೂ ಕೇಳಿಸಲೂ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೋದ ಗೆಳೆಯ ನನ್ನ ಮುಖವನ್ನು ಒಂದು ಥರ ನೋಡಿದ. ಆ ನೋಟ ನನಗೆ ಪರಿಚಯವಿತ್ತು. ವರ್ಷಗಟ್ಟಲೆ ನಾನೇ ಅದನ್ನು ಹಂಚಿದ್ದೆ.

ಭಾನುವಾರ ಬೆಳಿಗ್ಗೆ ಮಾಮನ ಮನೆಗೆ ಹೋದೆ. ಅತ್ತೆ ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಮಾಮ ಪೇಪರು ಓದುತ್ತಿದ್ದರು. ಕೂರದೆ, ನಿಂತೇ, ಕನ್ನಡದಲ್ಲೇ ಹೇಳಿದೆ. ಆ ಶಬ್ದ ಕಾರಿನದಲ್ಲ ಮಾಮ. ನಾನೇ ಬಾಯಲ್ಲಿ ಮಾಡಿದ್ದು. ಹಿಂದಿನ ಸೀಟಲ್ಲಿ ಕೂತು, ನಾಲ್ಕು ಭಾನುವಾರ. ನಿಮ್ಮ ಕಾರಿಗೂ ಏನಾಗಿರಲಿಲ್ಲ, ಕಿವಿಗೂ ಏನಾಗಿರಲಿಲ್ಲ.

ಅತ್ತೆಯ ಕೈಯಲ್ಲಿ ಬಸಳೆಯ ದಂಟು ಹಾಗೇ ನಿಂತಿತು. ಮಾಮ ಪೇಪರನ್ನು ನಾಲ್ಕಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕಾಗಿತ್ತು.

'ಮಾಡು ನೋಡುವ,' ಎಂದರು.

ನಾಲಿಗೆಯ ತುದಿಯನ್ನು ಅಂಗುಳಿಗೆ ಒತ್ತಿ, ತುಟಿ ತೆರೆಯದೆ, ಸೇತುವೆ ಏರುವ ಎಂಜಿನ್ನಿನ ತಾಳಕ್ಕೆ ಮಾಡಿದೆ. ಒಂಬತ್ತು ವರ್ಷದ ಮೇಲೂ ಒಂದಿಷ್ಟೂ ಮುಕ್ಕಾಗಿರಲಿಲ್ಲ. ನನ್ನ ಜೀವಮಾನದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಏನನ್ನೂ ಮಾಡಿದವನಲ್ಲ. ಮಾಮ ಹಿಂದಿನ ಹಾಗೆಯೇ ಕಣ್ಣು ಮುಚ್ಚಿ, ತಲೆ ವಾಲಿಸಿ, ಪೂರ್ತಿ ಕೇಳಿದರು. ಆಮೇಲೆ ಪೇಪರನ್ನು ಬಿಡಿಸಿ, ಬಿಟ್ಟಿದ್ದ ಸಾಲನ್ನು ಬೆರಳಿನಿಂದ ಹುಡುಕಿಕೊಂಡು ಹೇಳಿದರು:

'ಇದಲ್ಲ. ನಾನು ಕೇಳಿದ್ದು ಇದಲ್ಲ ಮಾರಾಯ. ನನ್ನ ಪದ್ಮಿನಿ ನಿಂಗೆ ಅವತ್ತೂ ಬರ್ಲಿಲ್ಲ, ಇವತ್ತೂ ಬರ್ಲಿಲ್ಲ.'